ಸತ್ತ ಮೀನಿನ ಬಾಲದಲ್ಲೊಂದು ಗಡಿಯಾರ: ಭೀಮಾ ತೀರದ ವರದಿಗಳು ಏಕೆ ತಾಳೆಯಾಗುವುದಿಲ್ಲ

ಬೇಸಿಗೆ ಬಲಿತು ಭೀಮೆಯ ಹರಿವು ನಿಂತು, ಬ್ಯಾರೇಜುಗಳ ಹಿಂದೆ ನೀರು ಮಡುಗಟ್ಟಿದ ಮೇಲೆ ಕಲಬುರಗಿ, ಯಾದಗಿರಿ ಕಡೆಯ ಜಿಲ್ಲಾ ಪುಟಗಳಲ್ಲಿ ಒಂದು ಚಿತ್ರ ಆಗಾಗ ಕಾಣಿಸಿಕೊಳ್ಳುತ್ತದೆ. ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಬಿದ್ದ ಮೀನುಗಳು, ಮೂಗು ಮುಚ್ಚಿಕೊಂಡು ನಿಂತ ಜನ. ಅದರ ಬೆನ್ನಿಗೆ ಬರುವ ಸುದ್ದಿಗಳ ಸರಣಿಯೂ ಹೆಚ್ಚುಕಡಿಮೆ ಒಂದೇ ತೆರ. ಮೊದಲ ದಿನ ಮಾರಣಹೋಮ. ಮರುದಿನ ವಿಷ ಬೆರೆತ ಆರೋಪ. ವಾರ ಕಳೆದ ಮೇಲೆ ಒಳಪುಟದ ಮೂಲೆಯಲ್ಲಿ ‘ನೀರಿನ ಗುಣಮಟ್ಟ ಮಿತಿಯೊಳಗಿದೆ’ ಎಂಬ ಸ್ಪಷ್ಟನೆ. ಇನ್ನೂ ಕೆಲ ದಿನ ಬಿಟ್ಟು, ‘ಈಜುರೆಕ್ಕೆಗಳು ಕೊಳೆತಿವೆ, ಅಂಗಾಂಶ ಪರೀಕ್ಷೆಯಿಂದ ನಿಖರ ಕಾರಣ ತಿಳಿದಿಲ್ಲ’ ಎಂಬ ಇನ್ನೊಂದು ಸಾಲು.

ಓದುವವರಿಗೆ ಇವು ಒಂದನ್ನೊಂದು ಸುಳ್ಳಾಗಿಸುವಂತೆ ತೋರುತ್ತವೆ. ನೀರು ಚೆನ್ನಾಗಿದ್ದರೆ ಮೀನು ಸತ್ತದ್ದೇಕೆ? ರೆಕ್ಕೆ ಕೊಳೆತಿದ್ದರೆ ಅದು ರೋಗವಲ್ಲವೇ? ಪರೀಕ್ಷೆ ಮಾಡಿಯೂ ಕಾರಣ ಗೊತ್ತಾಗದಿದ್ದರೆ ಯಾರನ್ನೋ ಬಚಾವು ಮಾಡುತ್ತಿದ್ದಾರೆಯೇ? ಕೊನೆಯ ಅನುಮಾನಕ್ಕೆ ಕೆಲವೊಮ್ಮೆ ಆಧಾರವಿರಬಹುದು. ಆದರೆ ಗೊಂದಲದ ಬಹುಪಾಲು ಹುಟ್ಟುವುದು ಬೇರೆ ಕಡೆ: ಈ ಒಂದೊಂದು ವರದಿಯೂ ಒಂದೊಂದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ನಾವು ಮಾತ್ರ ಎಲ್ಲವನ್ನೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಓದುತ್ತೇವೆ. ಅದರಲ್ಲೂ ರೆಕ್ಕೆಯ ಅಂಗಾಂಶ ಪರೀಕ್ಷೆಯ ಮೇಲೆ ಅದು ಹೊರಲಾರದ ಹೊರೆಯನ್ನು ಹೊರಿಸುತ್ತೇವೆ. ಮೀನು ಎಷ್ಟು ಹೊತ್ತಿನಿಂದ, ಎಷ್ಟು ದಿನದಿಂದ ನರಳುತ್ತಿತ್ತು ಎಂಬುದನ್ನು ಅದು ಹೇಳಬಲ್ಲದು. ನರಳಿಸಿದ ವಸ್ತು ಯಾವುದೆಂದು ಹೇಳುವುದು ಅದರ ಕೆಲಸವಲ್ಲ.

ಕಾರಣ ಬದಲಾದರೆ ಬಿಲ್ಲು ಕಟ್ಟುವವರೂ ಬದಲು

ಮೀನುಗಾರಿಕೆಯನ್ನೇ ನಂಬಿದ ಕಬ್ಬಲಿಗ, ಅಂಬಿಗ ಕುಟುಂಬಗಳ ವಾದ ನೇರವಾಗಿದೆ. ನೀರನ್ನು ಯಾರೋ ಕೆಡಿಸಿದ್ದಾರೆ. ಅದು ಮೇಲಿನ ಊರಿನ ಚರಂಡಿ ಇರಬಹುದು, ಕಾರ್ಖಾನೆ ಇರಬಹುದು, ರಾತ್ರಿ ವಿಷ ಹಾಕಿ ಮೀನು ಬಾಚುವವರಿರಬಹುದು. ಇದು ರುಜುವಾತಾದರೆ ಪರಿಹಾರ ಕೇಳಲು ಒಂದು ಬಾಗಿಲು ತೆರೆಯುತ್ತದೆ.

ಅಧಿಕಾರಿಗಳಿಂದ ಸಾಮಾನ್ಯವಾಗಿ ಬರುವ ವಿವರಣೆ ಆಮ್ಲಜನಕದ ಕೊರತೆ. ಬಿಸಿಲು ಹೆಚ್ಚಾಯಿತು, ನೀರು ಕಡಿಮೆಯಾಯಿತು, ಮೀನಿಗೆ ಉಸಿರುಗಟ್ಟಿತು. ಇಲ್ಲಿ ಹೊಣೆ ಸೂರ್ಯನದು; ಕಡತ ಮುಚ್ಚುತ್ತದೆ. ಮೂರನೆಯ ವಾದ ರೋಗದ್ದು. ಆಗ ಹೊಣೆ ಕೆರೆಯನ್ನು ಗುತ್ತಿಗೆ ಹಿಡಿದ ಸಂಘದ ಮೇಲೆ ಜಾರುತ್ತದೆ: ಬಿತ್ತನೆ ಮರಿ ಕಳಪೆ ಇತ್ತು, ಅಳತೆ ಮೀರಿ ಬಿಟ್ಟಿದ್ದರು, ಇತ್ಯಾದಿ.

ಇವುಗಳಲ್ಲಿ ಮೊದಲೆರಡು ನಿಜಕ್ಕೂ ಎದುರುಬದುರಿನ ವಾದಗಳೇ ಅಲ್ಲ. ಚರಂಡಿಯ ಹೊಲಸು ನೀರಿಗೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಕುಡಿದು ಬಿಡುತ್ತವೆ. ಅದೇ ಹೊಲಸಿನ ಗೊಬ್ಬರದಿಂದ ಪಾಚಿ ಹೆಚ್ಚುತ್ತದೆ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಬಳಸುತ್ತದೆ. ಹಾಗಾಗಿ ‘ಆಮ್ಲಜನಕದ ಕೊರತೆಯಿಂದ ಸಾವು’ ಎಂದು ಬರೆಯುವುದು ಮನುಷ್ಯರ ಮರಣಪತ್ರದಲ್ಲಿ ‘ಹೃದಯ ನಿಂತಿದ್ದರಿಂದ ಸಾವು’ ಎಂದು ಬರೆದಂತೆ. ಸುಳ್ಳಲ್ಲ, ಆದರೆ ಕೇಳಿದ್ದು ಅದನ್ನಲ್ಲ.

‘ಮಿತಿಯೊಳಗಿದೆ’ ಎಂದರೆ ಯಾವ ಗಂಟೆಗೆ?

ನೀರಿನ ವರದಿಯ ತೊಡಕು ಇಲ್ಲಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ತಕ್ಕ ನೀರು ‘ಡಿ’ ವರ್ಗದ್ದು. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು, ಸಾರಜನಕದ ಲೆಕ್ಕದಲ್ಲಿ ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು.

ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಪಾಚಿ ತುಂಬಿದ ಮಡುವಿನಲ್ಲಿ ಈ ಅಂಕಿ ದಿನವಿಡೀ ಏರಿಳಿಯುತ್ತದೆ. ಸಂಜೆಗೆ ತುಂಬಿ ತುಳುಕಿ, ರಾತ್ರಿಯಿಡೀ ಇಳಿದು, ಕೋಳಿ ಕೂಗುವ ಹೊತ್ತಿಗೆ ತಳ ಮುಟ್ಟುತ್ತದೆ. ಮೀನು ಸಾಯುವುದು ಆಗ. ಸುದ್ದಿ ಊರು ಮುಟ್ಟಿ, ಕಚೇರಿ ಮುಟ್ಟಿ, ಜೀಪು ಹೊರಟು, ಸೀಸೆಗೆ ನೀರು ತುಂಬುವಾಗ ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ಅಷ್ಟರಲ್ಲಿ ಬಿಸಿಲಿಗೆ ಪಾಚಿ ಕೆಲಸ ಶುರುಮಾಡಿ ಆಮ್ಲಜನಕ ಮೇಲೇರಿರುತ್ತದೆ. ವರದಿ ಬರೆದವರು ಸುಳ್ಳು ಬರೆದಿಲ್ಲ. ಅವರು ಅಳೆದದ್ದು ಮೀನು ಸತ್ತ ನೀರನ್ನಲ್ಲ, ಅಷ್ಟೆ.

ಅಮೋನಿಯಾದ ಲೆಕ್ಕ ಇನ್ನೂ ಕುತೂಹಲದ್ದು. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಮೀನಿಗೆ ನಿಜವಾಗಿ ವಿಷವಾಗುವುದು ಮುಕ್ತ ರೂಪದ್ದು. 30 ಡಿಗ್ರಿ ಬಿಸಿ ನೀರಿನಲ್ಲಿ ಪಿಎಚ್ 8 ಇದ್ದಾಗ ಅದರ ಪಾಲು ನೂರಕ್ಕೆ ಏಳೆಂಟು. ಪಿಎಚ್ 9ಕ್ಕೆ ಏರಿದರೆ ನೂರಕ್ಕೆ ನಲವತ್ತು ದಾಟುತ್ತದೆ. ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ನಂತರ ಪಿಎಚ್ ಏರುವುದು ಸಹಜ. ಹಾಗಾಗಿ ಮಡುವಿನ ಮೀನಿಗೆ ಬೆಳಗಿನ ಜಾವ ಉಸಿರಿನ ಕಾಟ, ಇಳಿಹೊತ್ತಿನಲ್ಲಿ ಅಮೋನಿಯಾದ ಕಾಟ. ನಡುವಿನ ಹನ್ನೊಂದು ಗಂಟೆಗೆ ಎರಡೂ ಅಷ್ಟಾಗಿ ಕಾಣುವುದಿಲ್ಲ.

ಮಿತಿಯೇ ಎಷ್ಟು ಸಡಿಲ ಎಂಬುದನ್ನೂ ನೋಡಬೇಕು. 1978ರ ಯುರೋಪಿನ ಸಿಹಿನೀರ ಮೀನು ನಿರ್ದೇಶನ ಮುಕ್ತ ಅಮೋನಿಯಾಕ್ಕೆ ಹಾಕಿದ್ದ ಗೆರೆ ಲೀಟರಿಗೆ 0.025 ಮಿಲಿಗ್ರಾಂ. ನಮ್ಮ ಗೆರೆ ಅದರ ಹತ್ತಾರು ಪಟ್ಟು ಮೇಲಿದೆ. ರೋಹು, ಕಾಟ್ಲಾದಂಥ ನಮ್ಮ ಗೆಂಡೆ ಜಾತಿಯ ಮೀನುಗಳು ಗಟ್ಟಿ ಎಂದೇ ಇಟ್ಟುಕೊಂಡರೂ, ‘ಮಿತಿಯೊಳಗಿದೆ’ ಎಂಬ ನೀರಿನಲ್ಲಿ ಅವುಗಳ ಕಿವಿರು ವಾರಗಟ್ಟಲೆ ಸವೆಯಲು ಸಾಧ್ಯವಿದೆ.

ನೀರಿನ ಸೀಸೆ ಒಂದು ಗಳಿಗೆಯ ಸಾಕ್ಷಿ. ಮೀನು ಹಿಂದಿನ ರಾತ್ರಿಯನ್ನೂ ಹಿಂದಿನ ವಾರವನ್ನೂ ಆ ನೀರಿನಲ್ಲೇ ಕಳೆದಿದೆ. ಅಂಗಾಂಶ ಪರೀಕ್ಷೆಗೆ ಬೆಲೆ ಬರುವುದು ಇದರಿಂದ.

ರೆಕ್ಕೆಯೊಳಗೆ ಏನಿದೆ

ರೋಹುವಿನ ಬಾಲವನ್ನು ಬೆಳಕಿಗೆ ಹಿಡಿದರೆ ಬೀಸಣಿಗೆಯ ಕಡ್ಡಿಗಳಂತೆ ಗೆರೆಗಳು ಕಾಣುತ್ತವೆ. ಒಂದು ಕಡ್ಡಿಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಒಂದು ಕಡ್ಡಿಯಲ್ಲ, ಎರಡು ಅರೆಗಳು. ಎದುರುಬದುರು ಇಟ್ಟ ಎರಡು ಆವರಣ ಚಿಹ್ನೆಗಳಂತೆ ಬಾಗಿದ ಎರಡು ಮೂಳೆ ತುಣುಕುಗಳು, ನಡುವೆ ಮೆತ್ತನೆಯ ಸಂಯೋಜಕ ಅಂಗಾಂಶ, ಅದರೊಳಗೆ ರಕ್ತನಾಳ, ನರ. ಉದ್ದಕ್ಕೆ ಕೊಯ್ದರೆ ಜೋಳದ ದಂಟಿನ ನೆನಪಾಗುತ್ತದೆ: ಗೆಣ್ಣು, ಗೆಣ್ಣಿನ ಆಚೆ ಇನ್ನೊಂದು ತುಂಡು, ಮತ್ತೆ ಗೆಣ್ಣು. ಮೂಳೆಯ ತುಂಡುಗಳನ್ನು ಕೊಲಾಜೆನ್ ನಾರುಗಳು ಬಿಗಿದಿರುತ್ತವೆ. ಅದರಿಂದಲೇ ಬಾಲ ಮುರಿಯದೆ ಬಳುಕುತ್ತದೆ. ಹೊಸ ತುಂಡುಗಳು ಸೇರುವುದು ತುದಿಯಲ್ಲಿ ಮಾತ್ರ. ತೀರಾ ತುದಿಯಲ್ಲಿ ಮೂಳೆಯೂ ಇಲ್ಲ, ಕೂದಲಿಗಿಂತ ಸಣ್ಣನೆಯ ನಾರುಗಳ ಕುಂಚವಷ್ಟೇ. ಕಡ್ಡಿಗಳಲ್ಲಿ ಸ್ನಾಯು ಇರುವುದಿಲ್ಲ. ಎಳೆದಾಡಿಸುವ ಸ್ನಾಯುಗಳೆಲ್ಲ ಬುಡದಲ್ಲಿವೆ.

ಇಷ್ಟಕ್ಕೂ ಹೊದಿಕೆಯಾಗಿ ಹೊರಚರ್ಮವಿದೆ, ಮತ್ತು ಈ ಕಥೆಯ ಮುಖ್ಯ ಪಾತ್ರ ಅದೇ. ನಮ್ಮ ಚರ್ಮದ ಮೇಲ್ಪದರ ಸತ್ತ ಕೋಶಗಳದ್ದು, ಒಂದು ಬಗೆಯ ಒಣ ರಕ್ಷಾಕವಚ. ಮೀನಿಗೆ ಆ ಕವಚವಿಲ್ಲ. ಅದರ ಹೊರಚರ್ಮ ನೀರಿಗೆ ತಾಗುವ ಕಟ್ಟಕಡೆಯ ಕೋಶದವರೆಗೂ ಜೀವಂತ. ನೀರಿಗೂ ಅದಕ್ಕೂ ನಡುವೆ ಇರುವುದು ತೆಳುವಾದ ಒಂದು ಲೋಳೆಯ ಪೊರೆ ಮಾತ್ರ. ನೀರು ಕೆಟ್ಟರೆ ಮೊದಲು ತಾಗುವುದು ಕಿವಿರಿಗೆ ಮತ್ತು ಈ ಚರ್ಮಕ್ಕೆ. ರೆಕ್ಕೆಯ ಮೇಲೆ ಹುರುಪೆಯ ರಕ್ಷಣೆಯೂ ಇಲ್ಲದ್ದರಿಂದ ಅಲ್ಲಿ ಪೆಟ್ಟು ಬೇಗ ಕಾಣುತ್ತದೆ.

ಹೊರಚರ್ಮದ ನಡುವೆ ಬಟ್ಟಲಿನಂಥ ಲೋಳೆ ಕೋಶಗಳಿವೆ. ಗೆಂಡೆ, ಕ್ಯಾಟ್‌ಫಿಶ್ ಗುಂಪಿನ ಮೀನುಗಳಲ್ಲಿ ಇನ್ನೊಂದು ಬಗೆಯವೂ ಇವೆ: ಗದೆಯಾಕಾರದ ದೊಡ್ಡ ಕೋಶಗಳು. ಇವುಗಳಿಗೆ ಹೊರಬಾಯಿ ಇಲ್ಲ. ಚರ್ಮ ಹರಿದಾಗ ಮಾತ್ರ ಒಡೆಯುತ್ತವೆ. ಗಾಯಗೊಂಡ ಮೀನಿನ ಚರ್ಮದಿಂದ ನೀರಿಗೆ ಬೆರೆತ ರಾಸಾಯನಿಕದ ಸುಳಿವಿಗೆ ಅಕ್ಕಪಕ್ಕದ ಮೀನುಗಳು ಚದುರಿ ಓಡುತ್ತವೆ. 1938ರಲ್ಲಿ ಇದನ್ನು ಗುರುತಿಸಿದವರು ಕಾರ್ಲ್ ಫಾನ್ ಫ್ರಿಶ್, ಜೇನ್ನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರೇ. ಸ್ಲೈಡಿನಲ್ಲಿ ಈ ಗದೆ ಕೋಶಗಳು ಒಡೆದಿವೆಯೇ, ಬರಿದಾಗಿವೆಯೇ ಎಂಬುದೂ ಒಂದು ಸುಳಿವು.

ಗಡಿಯಾರ ಓದುವ ಬಗೆ

ಕೆರಳಿಸುವ ಯಾವುದೇ ವಸ್ತು ತಾಗಿದರೂ ಲೋಳೆ ಕೋಶಗಳು ಮೊದಲು ತಮ್ಮಲ್ಲಿದ್ದದ್ದನ್ನೆಲ್ಲ ಸುರಿದು ಬರಿದಾಗುತ್ತವೆ. ಕಾಟ ದಿನಗಟ್ಟಲೆ ಮುಂದುವರಿದರೆ ಅವುಗಳ ಸಂಖ್ಯೆಯೇ ಹೆಚ್ಚುತ್ತದೆ, ಹೊರಚರ್ಮ ದಪ್ಪವಾಗುತ್ತದೆ. ಗಾಯವಾದ ಜಾಗಕ್ಕೆ ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ನುಗ್ಗುತ್ತವೆ. ಆಮೇಲೆ ಬ್ಯಾಕ್ಟೀರಿಯಾಗಳು ಮನೆ ಮಾಡಿದರೆ ಅಂಚಿನಿಂದ ಚರ್ಮ ಕರಗಿ, ಕಡ್ಡಿಗಳು ಹಳೆಯ ಪೊರಕೆಯಂತೆ ಬರಿದಾಗಿ ಚಾಚಿಕೊಳ್ಳುತ್ತವೆ. ಬುಡದಲ್ಲಿ ರಕ್ತ ಕಟ್ಟಿರುತ್ತದೆ.

ಇದರ ಜೊತೆಗೆ ರಿಪೇರಿಯ ಗಡಿಯಾರವೂ ಒಂದಿದೆ. ಮೀನಿನ ರೆಕ್ಕೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಗೆಂಡೆಗಳ ಗಣಕ್ಕೇ ಸೇರಿದ, ನಮ್ಮ ದೇಶದ ನೀರಿನದೇ ಆದ ಜೀಬ್ರಾ ಮೀನಿನ ಮೇಲೆ ಇದರ ಅಧ್ಯಯನ ವಿವರವಾಗಿ ನಡೆದಿದೆ. ಸುಮಾರು 28 ಡಿಗ್ರಿ ನೀರಿನಲ್ಲಿ ಒಂದು ದಿನದೊಳಗೆ ಗಾಯದ ಮೇಲೆ ಹೊಸ ಚರ್ಮ ಹರಡುತ್ತದೆ, ಎರಡು ಮೂರು ದಿನದಲ್ಲಿ ಅದರಡಿ ಬೆಳವಣಿಗೆಯ ಕೋಶಗಳ ಮೊಗ್ಗು ಕಟ್ಟುತ್ತದೆ, ಎರಡು ಮೂರು ವಾರದಲ್ಲಿ ಬಾಲ ಮೊದಲಿನಂತಾಗುತ್ತದೆ. ರೋಹುವಿಗೆ ಇದೇ ಗಂಟೆ ನಿಮಿಷ ಹೊಂದಿಸಲಾಗದು, ಕ್ರಮ ಮಾತ್ರ ಇದೇ. ಸತ್ತ ಮೀನಿನ ರೆಕ್ಕೆಯ ತುದಿಯಲ್ಲಿ ಇಂಥ ಮೊಗ್ಗು ಕಂಡರೆ, ಗಾಯವಾದ ಮೇಲೂ ಅದು ಕೆಲವು ದಿನ ಬದುಕಿತ್ತು, ರಾತ್ರೋರಾತ್ರಿ ನೀರಿಗೆ ಸುರಿದ ಯಾವುದರಿಂದಲೂ ಆ ಗಾಯ ಆದದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೂ ಸರಳವಾದ ಉಪಯೋಗವೂ ಇದೆ. ಬಲೆಗೆ ಸಿಕ್ಕಿ, ಕಲ್ಲಿಗೆ ಉಜ್ಜಿ, ನಾಯಿ ಎಳೆದು ಹರಿದ ರೆಕ್ಕೆ ಯಾವುದು, ಬದುಕಿದ್ದಾಗಲೇ ಸವೆದದ್ದು ಯಾವುದು? ಸತ್ತ ಮೇಲೆ ಹರಿದಲ್ಲಿ ರಕ್ತಸ್ರಾವ ಇರುವುದಿಲ್ಲ, ಬಿಳಿ ರಕ್ತಕಣಗಳ ಮುತ್ತಿಗೆ ಇರುವುದಿಲ್ಲ. ‘ರೆಕ್ಕೆ ಕೊಳೆತಿದೆ’ ಎಂಬ ಬರಿಗಣ್ಣಿನ ಹೇಳಿಕೆಗಳಲ್ಲಿ ಎಷ್ಟೋ ಈ ಒಂದು ಪರೀಕ್ಷೆಯ ಮುಂದೆ ನಿಲ್ಲಲಾರವು.

ರೋಗದ ವಾದವನ್ನು ಇಲ್ಲೇ ಮುಗಿಸಬಹುದು. ಹುಣ್ಣು ರೋಗವೆಂದು ಮೀನುಗಾರರು ಹೆದರುವುದು ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿಯಿಂದ ಬರುವುದು. ಭಾರತಕ್ಕೆ 1988ರಲ್ಲಿ ಈಶಾನ್ಯದ ಕಡೆಯಿಂದ ಕಾಲಿಟ್ಟಿತು. ಅದರ ಗುರುತು ರೆಕ್ಕೆಯಲ್ಲಲ್ಲ, ಹುಣ್ಣಿನಡಿಯ ಮಾಂಸದಲ್ಲಿ, ನಾರಿನೆಳೆಗಳ ಸುತ್ತ ಕಟ್ಟಿದ ಗಂಟುಗಳಲ್ಲಿ. ಅದು ನೀರು ತಣ್ಣಗಿರುವ ಕಾಲದ ರೋಗ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದರ ಹೆಸರು ಹೇಳುವವರು ಸ್ಲೈಡು ತೋರಿಸಲೇಬೇಕು. ಬೆಚ್ಚನೆಯ ನೀರಿನಲ್ಲಿ ರೆಕ್ಕೆ, ಕಿವಿರು ತಿನ್ನುವ ಬ್ಯಾಕ್ಟೀರಿಯಾಗಳು ಬೇರೆ. ಅವು ಬಹುಪಾಲು ಎಲ್ಲ ಕೆರೆಗಳಲ್ಲೂ ಇದ್ದೇ ಇರುತ್ತವೆ, ಸೊರಗಿದ ಮೀನಿಗೆ ಕಾಯುತ್ತಿರುತ್ತವೆ. ಆದ್ದರಿಂದ ಕೊಳೆತ ರೆಕ್ಕೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಎಂದಾಕ್ಷಣ ನೀರು ನಿರ್ದೋಷಿಯಾಗುವುದಿಲ್ಲ.

ರೆಕ್ಕೆ ಬಾಯಿ ಬಿಡದ ಪ್ರಕರಣ

ಸ್ಲೈಡು ನೋಡಿದರೆ ರೆಕ್ಕೆ ಅಚ್ಚುಕಟ್ಟಾಗಿದೆ, ಚರ್ಮ ತೆಳುವಾಗಿದೆ, ಉರಿಯೂತವಿಲ್ಲ ಎಂದುಕೊಳ್ಳೋಣ. ಸಾವು ದಿಢೀರನೆ ಬಂದಿದೆ ಎಂದಷ್ಟೇ ಅರ್ಥ. ಇಲ್ಲಿ ಎರಡೂ ಪಕ್ಷದವರು ತಮ್ಮದೇ ಗೆಲುವೆನ್ನುತ್ತಾರೆ, ಏಕೆಂದರೆ ಒಂದೇ ರಾತ್ರಿಯ ಆಮ್ಲಜನಕದ ಕೊರತೆಯೂ ರೆಕ್ಕೆಯ ಮೇಲೆ ಗುರುತು ಬಿಡುವುದಿಲ್ಲ, ನರಕ್ಕೆ ತಾಗುವ ಕೀಟನಾಶಕವೂ ಬಿಡುವುದಿಲ್ಲ. ತೊಗರಿಯ ಕಾಯಿಕೊರಕಕ್ಕೂ ಹತ್ತಿಗೂ ಹೊಡೆಯುವ ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಲ್ಲ, ಮೈಕ್ರೋಗ್ರಾಂ ಲೆಕ್ಕದಲ್ಲೇ ಮೀನನ್ನು ಕೊಲ್ಲುತ್ತವೆ.

ಇವೆರಡನ್ನು ಬೇರೆ ಮಾಡಲು ಸ್ಲೈಡಿಗಿಂತ ದಡದಲ್ಲಿ ಬಿದ್ದ ಮೀನುಗಳ ಜಾತಿ ಹೆಚ್ಚು ಹೇಳುತ್ತದೆ. ಕೊರವ, ಚೇಳು ಮೀನುಗಳು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ರೋಹು, ಕಾಟ್ಲಾ, ಮೃಗಾಲ್ ರಾಶಿ ಬಿದ್ದು ಕೊರವ, ಚೇಳು ಬದುಕಿದ್ದರೆ ಉಸಿರಿನ ಕೊರತೆಯ ವಾದಕ್ಕೆ ತೂಕ ಬರುತ್ತದೆ. ಅವೂ ಸತ್ತಿದ್ದರೆ, ಜೊತೆಗೆ ಸಿಗಡಿ, ನೀರಿನ ಹುಳುಗಳೂ ಸತ್ತಿದ್ದರೆ, ವಿಷದ ಕಡೆ ನೋಡಬೇಕು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳ ಅನುಮಾನವಿದ್ದರೆ ಮೀನಿನ ಮಿದುಳಿನ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆ ಇದೆ. ಇಷ್ಟೂ ಮೊದಲ ದಿನವೇ ಬರೆದಿಟ್ಟುಕೊಳ್ಳಬಹುದಾದ ಸಂಗತಿಗಳು. ಪತ್ರಿಕೆಯ ಚಿತ್ರದಲ್ಲಿ ಮಾತ್ರ ಎಲ್ಲವೂ ‘ಸತ್ತ ಮೀನು’.

ಕುಡಿಯುವವರು, ತಿನ್ನುವವರು

ಕಲಬುರಗಿ ನಗರ ಭೀಮಾ ಮತ್ತು ಬೆಣ್ಣೆತೊರಾ ನೀರನ್ನು ಕುಡಿಯುತ್ತದೆ, ಬೀದರಿಗೆ ಕಾರಂಜಾ ಜಲಾಶಯವಿದೆ. ಮೀನು ಸತ್ತ ಸುದ್ದಿ ಬಂದೊಡನೆ ನಲ್ಲಿ ನೀರಿನ ಬಗ್ಗೆ ಹೆದರಿಕೆ ಹುಟ್ಟುವುದು ಸಹಜ. ಆದರೆ ಮೀನಿನ ಸಾವು ಇದಕ್ಕೆ ಒಳ್ಳೆಯ ಅಳತೆಗೋಲಲ್ಲ, ಎರಡೂ ದಿಕ್ಕಿನಲ್ಲಿ. ಆಮ್ಲಜನಕವಿಲ್ಲದೆ ಮೀನು ಸತ್ತ ನೀರು ಶುದ್ಧೀಕರಣ ಘಟಕ ದಾಟಿದರೆ ಕುಡಿಯಲು ತಕ್ಕದ್ದಾಗಬಹುದು. ಮೀನು ನಲಿದಾಡುವ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ತುಂಬಿರಬಹುದು, ಮೀನಿಗೆ ಅದರಿಂದ ಏನೂ ಆಗದು. ತಿನ್ನುವ ವಿಷಯ ಮಾತ್ರ ನೇರ: ಕಾರಣ ಗೊತ್ತಿಲ್ಲದೆ ಸತ್ತು ತೇಲಿದ ಮೀನನ್ನು ಒಣಗಿಸಿದರೂ ಬೇಯಿಸಿದರೂ ಕೀಟನಾಶಕ ಹೋಗಿಬಿಡುತ್ತದೆ ಎಂದು ನಂಬುವಂತಿಲ್ಲ.

ಬಿಸಿಲಿಗೆ ಬಿದ್ದ ಸಾಕ್ಷಿ

ಇಷ್ಟೆಲ್ಲ ಹೇಳಬಲ್ಲ ಪರೀಕ್ಷೆ ‘ಕಾರಣ ತಿಳಿದಿಲ್ಲ’ ಎಂದು ಮುಗಿಯುವುದೇಕೆ? ಮೀನು ಸತ್ತ ಗಳಿಗೆಯಿಂದ ಅದರ ಕೋಶಗಳು ತಮ್ಮನ್ನೇ ಜೀರ್ಣಿಸಿಕೊಳ್ಳತೊಡಗುತ್ತವೆ. ಬೆಚ್ಚನೆಯ ನೀರಿನಲ್ಲಿ ಕಿವಿರಿನ, ಚರ್ಮದ ಪದರಗಳು ಕೆಲವೇ ಗಂಟೆಗಳಲ್ಲಿ ಕಳಚುತ್ತವೆ. 42 ಡಿಗ್ರಿ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಬಿದ್ದ ಮೀನಿನಲ್ಲಿ ಬೇನೆಯಿಂದ ಕರಗಿದ ಚರ್ಮ ಯಾವುದು, ಸಾವಿನ ನಂತರ ಕರಗಿದ್ದು ಯಾವುದು ಎಂದು ಯಾವ ತಜ್ಞರೂ ಹೇಳಲಾರರು. ಫ್ರೀಜರಿನಲ್ಲಿಟ್ಟು ಕಳಿಸುವುದು ಇನ್ನೊಂದು ತಪ್ಪು. ಕೀಟನಾಶಕದ ಪರೀಕ್ಷೆಗೆ ಅದು ಸರಿ, ಅಂಗಾಂಶಕ್ಕಲ್ಲ. ಮಂಜಿನ ಹರಳುಗಳು ಕೋಶಗಳನ್ನು ಸೀಳಿ ಹಾಕುತ್ತವೆ.

ಅಂಗಾಂಶಕ್ಕೆ ಬೇಕಾದದ್ದು ಹತ್ತು ಪ್ರತಿಶತ ಫಾರ್ಮಾಲಿನ್ ತುಂಬಿದ ಒಂದು ಸೀಸೆ, ತುಣುಕಿನ ಹತ್ತು ಪಟ್ಟು ದ್ರಾವಣ, ಕೈಗವಸು. ಕೇರಳ, ಗೋವಾಗಳಲ್ಲಿ 2018ರಲ್ಲಿ ಮಾರಾಟದ ಮೀನಿನಲ್ಲಿ ಇದೇ ರಾಸಾಯನಿಕದ ಗಲಾಟೆ ಎದ್ದದ್ದರಿಂದ ಹೆಸರು ಕೆಟ್ಟಿದೆ. ತಟ್ಟೆಯ ಮೀನಿಗೆ ಅದು ಅಪರಾಧ, ಸಾಕ್ಷಿಯ ಮೀನಿಗೆ ಅದೇ ಆಧಾರ. ಒಮ್ಮೆ ಅದರಲ್ಲಿ ಮುಳುಗಿದ ತುಣುಕಿಗೆ ಐಸ್ ಬೇಡ, ಅವಸರವೂ ಬೇಡ. ಪ್ರಯೋಗಾಲಯದಲ್ಲಿ ಮೂಳೆಯ ಸುಣ್ಣ ಕರಗಿಸಿ, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳುವಾಗಿ ಕೊಯ್ದು ಬಣ್ಣ ಹಾಕುತ್ತಾರೆ.

ವಿಚಿತ್ರವೆಂದರೆ ಈ ಭಾಗಕ್ಕೆ ಇದು ದೂರದ ವಿದ್ಯೆಯಲ್ಲ. ಹೆಸರಿನಲ್ಲೇ ಮೀನುಗಾರಿಕೆಯನ್ನು ಹೊತ್ತ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲಿದೆ. ಅದರ ಮೀನುಗಾರಿಕೆ ಕಾಲೇಜು ಮಾತ್ರ 1969ರಿಂದ ಮಂಗಳೂರಿನಲ್ಲಿ. ಎಮ್ಮೆಯ ಯಕೃತ್ತನ್ನು ಸ್ಲೈಡು ಮಾಡುವ ಕೈಗೆ ಮೀನಿನ ಬಾಲ ಹೊಸದಲ್ಲ. ಕೊರತೆ ಇರುವುದು ಕಾನೂನಿನ ಮತ್ತು ರೂಢಿಯ ಕಡೆ. 1974ರ ಜಲ ಕಾಯ್ದೆಯ 21ನೇ ಕಲಂ ಹೊಳೆಯ, ಬಾವಿಯ, ಚರಂಡಿಯ, ಕಾರ್ಖಾನೆಯ ನೀರಿನ ಮಾದರಿ ತೆಗೆಯುವ ಬಗ್ಗೆ ಮಾತಾಡುತ್ತದೆ. ಕಾರ್ಖಾನೆಯ ನೀರಾದರೆ ಎರಡು ಭಾಗ ಮಾಡಿ ಮೊಹರು ಹಾಕುವವರೆಗೂ ವಿಧಿ ಹೇಳುತ್ತದೆ. ಮೀನಿನ ಮಾದರಿಯ ಮಾತು ಅಲ್ಲಿಲ್ಲ. ಹಾಗಾಗಿ ಜೀಪಿನಲ್ಲಿ ನೀರಿನ ಸೀಸೆ ಬರುತ್ತದೆ, ಫಾರ್ಮಾಲಿನ್ ಸೀಸೆ ಬರುವುದಿಲ್ಲ.

ಬಂದರೂ ಎಲ್ಲಿ ಕತ್ತರಿಸಬೇಕೆಂಬುದು ಗೊತ್ತಿರಬೇಕು. ತೇಲುತ್ತಿರುವ ಮೀನನ್ನಲ್ಲ, ಇನ್ನೂ ಕಿವಿರು ಆಡಿಸುತ್ತಿರುವುದನ್ನು ಆರಿಸಬೇಕು. ಅದು ಸಿಗದಿದ್ದರೆ ಕಣ್ಣು ಮಸುಕಾಗದ, ಕಿವಿರು ಕೆಂಪಾಗಿರುವುದನ್ನು. ಕಿವಿರಿನ ಒಂದು ಚೂರಿನ ಜೊತೆಗೆ, ರೆಕ್ಕೆಯಲ್ಲಿ ಕೊಳೆತ ಭಾಗವೂ ಪಕ್ಕದ ಒಳ್ಳೆಯ ಭಾಗವೂ ಒಟ್ಟಿಗೆ ಬರುವಂತೆ ಗಡಿಯಲ್ಲಿ ಕೊಯ್ಯಬೇಕು, ಏಕೆಂದರೆ ಬಿಳಿ ರಕ್ತಕಣಗಳ ಸಾಲು, ಹೊಸ ಚರ್ಮದ ನಾಲಗೆ, ಬೆಳವಣಿಗೆಯ ಮೊಗ್ಗು ಎಲ್ಲವೂ ಇರುವುದು ಆ ಗಡಿಯಲ್ಲೇ. ಕೊಳೆತ ತುದಿಯನ್ನಷ್ಟೇ ಕಳಿಸಿದರೆ ಪ್ರಯೋಗಾಲಯದಿಂದ ಮರಳಿ ಬರುವುದು ‘ಕೊಳೆತಿದೆ’ ಎಂಬ ಒಂದೇ ಪದ. ದಡದಲ್ಲಿ ಮೂಗು ಮುಚ್ಚಿಕೊಂಡು ನಿಂತವರಿಗೆ ಅದು ಮೊದಲ ದಿನವೇ ಗೊತ್ತಿತ್ತು.